ಮಾವ್ರೋನಿಸಿಯ ಆಚೆಗಿನ ಹೊಗೆ

ಕಾಲಿಮ್ನೋಸ್ ದ್ವೀಪ, ಗ್ರೀಸ್,
ಶನಿವಾರ, 28 ಮಾರ್ಚ್ 1964

ಪ್ರೀತಿಯ ನೋಮಿಕೋಸ್ ಅಣ್ಣನಿಗೆ,

ಹೇಗಿದ್ದೀಯ? ಅತ್ತಿಗೆ, ಚಿಕ್ಕ ಮಕ್ಕಳು ಎಲ್ಲರೂ ಸೌಖ್ಯವೇ? ನಿನ್ನ ಹಿಂದಿನ ಕಾಗದದಲ್ಲಿ "ಬೆನ್ನು ನೋವು ಪೂರ್ತಿ ಹೋಗಿದೆ" ಅಂತ ಬರೆದಿದ್ದೀಯ. ನಾನು ನಂಬಲಿಲ್ಲ. ಜೊತೆಗೆ ಕಳಿಸಿದ ಫೋಟೋದಲ್ಲಿ ಎಡಗೈ ಗೋಡೆಗೆ ಊರಿಕೊಂಡು ನಿಂತಿದ್ದೀಯ. ಬೆನ್ನು ನೆಟ್ಟಗಿರುವವನು ಹಾಗೆ ನಿಲ್ಲುವುದಿಲ್ಲ. ನಿಮ್ಮ ಆಸ್ಟ್ರೇಲಿಯಾದ ಡಾರ್ವಿನ್ನಿನಲ್ಲಿ ಒಳ್ಳೆಯ ವೈದ್ಯರಿದ್ದಾರಂತೆ, ಹೋಗಿ ತೋರಿಸು. ಹೋದೆ ಅಂತ ಸುಳ್ಳು ಬರೆಯಬೇಡ, ಅತ್ತಿಗೆಯ ಕೈಯಲ್ಲಿ ಒಂದು ಸಾಲು ಬರೆಸು, ಆಗ ನಂಬುತ್ತೇನೆ. ಅಮ್ಮನ ಮಂಡಿ ಹಾಗೇ ಇದೆ. ಉಪವಾಸದ ತಿಂಗಳಾದ್ದರಿಂದ ದಿನಾ ಮಸೂರ್ ಬೇಳೆ, ಇಲ್ಲವೇ ಎಣ್ಣೆಯಿಲ್ಲದ ಹುರುಳಿಕಾಯಿ. ಅಪ್ಪ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಇಲ್ಲಿಂದ ಯಾರಾದರೂ ನಿನಗೆ ಬೇರೆ ಥರ ಬರೆದಿರಬಹುದು ಅಂತ ನನಗೆ ಅನುಮಾನ. ನಮ್ಮೂರಿನ ಸುದ್ದಿ ನಮ್ಮ ಕಾಗದಕ್ಕಿಂತ ಬೇಗ ಸಮುದ್ರ ದಾಟುತ್ತದೆ. ಅಪ್ಪ ಈ ಹೊತ್ತು ಅಂಗಳದಲ್ಲಿ ಕೂತು ಬಲೆ ಬಿಡಿಸುತ್ತಿದ್ದಾರೆ, ಅಮ್ಮ ಬೈಯುತ್ತಿದ್ದಾರೆ. ಆದರೆ ಹಿಂದಿನ ವಾರದ ಬುಧವಾರ ಅವರು ನಮ್ಮ ಕೈ ಬಿಟ್ಟೇ ಹೋಗುವುದರಲ್ಲಿದ್ದರು. ಆ ಕಥೆಯನ್ನು ನನ್ನ ಬಾಯಿಂದಲೇ ಕೇಳು.

ಆವತ್ತು ಬೆಳಿಗ್ಗೆ ಅಪ್ಪ ಆಕ್ಟೋಪಸ್ ಹಿಡಿಯುತ್ತೇನೆ ಅಂತ ಸಣ್ಣ ದೋಣಿ ತೆಗೆದುಕೊಂಡು ಹೋದರು. ಉಪವಾಸದಲ್ಲಿ ಮೀನಿಗಿರುವ ನಿಷೇಧ ಆಕ್ಟೋಪಸ್‌ಗೆ ಇಲ್ಲ ಅನ್ನುವುದು ಅಪ್ಪನಿಗೆ ನೆನಪಿರುವ ಒಂದೇ ಧರ್ಮಶಾಸ್ತ್ರ. ಊಟದ ಹೊತ್ತಿಗೆ ಬರುತ್ತೇನೆ ಅಂದಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಬಂದೆ, ಅಪ್ಪ ಬಂದಿರಲಿಲ್ಲ. ಅಮ್ಮ ತಟ್ಟೆ ಮುಚ್ಚಿಟ್ಟು ಬಾಗಿಲಲ್ಲಿ ನಿಂತಿದ್ದರು. ನೀನು ನಮ್ಮ ಹತ್ತಿರ ಬಿಟ್ಟುಹೋದ ನಿನ್ನ ಮಗಳು ಫೊತಿನಿ ಮನೆಯಲ್ಲಿರಲಿಲ್ಲ, ಹೊಲಿಗೆ ಕಲಿಯಲು ಹೋಗಿದ್ದಾಳೆ ಅಂದರು. ಬಡಗಣ ಗಾಳಿ ಎದ್ದಿತ್ತು. ನಾನು ಬಂದರಿಗೆ ಇಳಿದೆ. ಅಲ್ಲಿ ಕಾಫಿ ಅಂಗಡಿಯ ಮುಂದೆ ಜನ ಒಂದು ಹೊಗೆಯ ವಿಷಯ ಮಾತಾಡುತ್ತಿದ್ದರು.

ಮಧ್ಯಾಹ್ನದ ಸುಮಾರಿಗೆ ಪ್ರವಾದಿ ಎಲಿಯಾಸನ ಗುಡಿಯ ದೀಪ ನೋಡಿಕೊಳ್ಳುವ ಅನೆಜೂಲಾ ಅಜ್ಜಿ ದೂರದಲ್ಲಿ ಕಪ್ಪು ಹೊಗೆ ಕಂಡಳಂತೆ. ಮಾವ್ರೋನಿಸಿ ದ್ವೀಪಕ್ಕೆ ಎರಡು ಗುಡ್ಡದ ತಲೆ ಇದೆಯಲ್ಲ, ಅವುಗಳ ನಡುವಿನ ತಗ್ಗಿನ ಮೇಲೆ ಹೊಗೆ ಎದ್ದು ಬಾಗಿತ್ತಂತೆ. ತಗ್ಗಿನ ಮೇಲೋ, ತಗ್ಗಿನ ಆಚೆಗೋ, ಅದು ಅವಳಿಗೆ ಗೊತ್ತಾಗಲಿಲ್ಲ. ಅದೇ ಹೊಗೆಯನ್ನು ಇನ್ನೊಬ್ಬರೂ ನೋಡಿ, ದಿಕ್ಸೂಚಿ ಹಿಡಿದು ಅಳೆದು, ಬಂದರು ಕಚೇರಿಗೆ ಬಂದು ಹೇಳಿದ್ದರು. ಯಾರು ಅಂತ ಕೇಳಿದೆ. ಎಲ್ಲರೂ ನನ್ನ ಮುಖ ನೋಡಿ ಕಾಫಿ ಲೋಟಕ್ಕೆ ಬಗ್ಗಿದರು. ಕಾಫಿ ಅಂಗಡಿಯವನೇ ಕೊನೆಗೆ, "ಕ್ಯಾಪ್ಟನ್ ಥೆಮೆಲಿಸ್" ಅಂದ.

ಅಣ್ಣ, ಆ ಹೆಸರನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ತಮ್ಮ ಪಂತೆಲಿಸ್ ಆ ಮನುಷ್ಯನ ಹಡಗಿನಿಂದ ಸಮುದ್ರದ ತಳದ ಸ್ಪಂಜು ಕೀಳಲು ಮುಳುಗಿ ಹೆಣವಾಗಿ ಮೇಲೆ ಬಂದ ವರ್ಷದಿಂದ ನಮ್ಮ ಮನೆಯಲ್ಲಿ ಅವನ ಹೆಸರು ಎತ್ತಿದವರಿಲ್ಲ. ಸಾಕು ಅಂದವನನ್ನು ಮತ್ತೊಮ್ಮೆ ಇಳಿಸಿದ ಅಂತ ಅಪ್ಪ, ಅವನೇ ಹಟ ಮಾಡಿ ಇಳಿದ ಅಂತ ಥೆಮೆಲಿಸ್. ಯಾವುದು ನಿಜವೋ ನೀರಿಗೇ ಗೊತ್ತು. ಅಪ್ಪ ದಾರಿಯಲ್ಲಿ ಅವನು ಎದುರಾದರೆ ಬೇರೆ ಬೀದಿ ಹಿಡಿಯುತ್ತಾರೆ. ಅಂಥವನು ಅಪ್ಪ ಸಮುದ್ರದಲ್ಲಿರುವ ದಿನವೇ ಹೊಗೆಯ ಸುದ್ದಿ ಹೊತ್ತು ಕಚೇರಿಗೆ ಯಾಕೆ ಬಂದ?

ನಾನು ಕಚೇರಿಗೆ ಓಡಿದೆ. ಅಲ್ಲಿನ ಅಧಿಕಾರಿ ರೋಡ್ಸ್ ದ್ವೀಪದ ಕಡೆಯವನು, ಮರ್ಯಾದಸ್ಥ. ನಕ್ಷೆ ಬಿಡಿಸಿ ತೋರಿಸಿದ. "ನೋಡಿ ಮೇಡಂ, ಗುಡಿಯಿಂದ ಒಂದು ಗೆರೆ, ಕ್ಯಾಪ್ಟನ್ ದೋಣಿ ಕೊಟ್ಟಿಗೆಯಿಂದ ಒಂದು ಗೆರೆ. ಎರಡೂ ಕೂಡೋದು ಮಾವ್ರೋನಿಸಿ ಗುಡ್ಡದ ಮೇಲೆ. ಕುರಿಗಾಹಿ ಮುಳ್ಳುಕಂಟಿ ಸುಡ್ತಿದ್ದಾನೆ, ಅಷ್ಟೇ. ಕ್ಯಾಪ್ಟನ್ ಮಾತ್ರ ಹೊಗೆ ಸಮುದ್ರದಲ್ಲಿದೆ ಅಂತಿದ್ರು. ನಿಮ್ಮ ಸಮುದ್ರ ಗುಡ್ಡ ಹತ್ತಿದೆಯಲ್ಲ ಅಂದೆ. ಎದ್ದೇ ಹೋದ್ರು." ನಾನು ಅವನ ಗೆರೆಗಳನ್ನು ಮತ್ತೆ ಎಳೆದು ನೋಡಿದೆ, ಲೆಕ್ಕವನ್ನೂ ಮಾಡಿದೆ. ನಿನಗೆ ಶಾಲೆಯಲ್ಲಿ ಈ ಪಾಠ ಕಂಡರೆ ಆಗುತ್ತಿರಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಅಪ್ಪನ ಜೀವ ಇದರೊಳಗಿತ್ತು. ಪಕ್ಕದ ಸಾಮೋಸ್ ದ್ವೀಪದ ಪೈಥಾಗೊರಸನ ಸೂತ್ರಕ್ಕೆ ಲಂಬಕೋನ ಬೇಕು, ಸಮುದ್ರದ ಮೇಲೆ ಲಂಬಕೋನ ಇಟ್ಟುಕೊಂಡು ಯಾರು ಕಾಯುತ್ತಾರೆ? ಇಲ್ಲಿದ್ದದ್ದು ಓರೆಯಾದ ತ್ರಿಕೋನ. ಗುಡಿಯಿಂದ ಕೊಟ್ಟಿಗೆಗೆ ದಡದ ಗುಂಟ ಎರಡು ಕಿಲೋಮೀಟರ್, ಅದು ತಳ. ಗುಡಿಯ ಹತ್ತಿರದ ಕೋನ ಎಪ್ಪತ್ತೊಂದು ಡಿಗ್ರಿ, ಕೊಟ್ಟಿಗೆಯ ಹತ್ತಿರ ಎಂಬತ್ತನಾಲ್ಕು. ಹೊಗೆಯ ಬುಡದಲ್ಲಿ ಉಳಿಯುವುದು ಇಪ್ಪತ್ತೈದು. ಯಾವ ತ್ರಿಕೋನವೇ ಆಗಲಿ, ಒಂದು ಬದಿಯನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಮೂರೂ ಬದಿಗೆ ಒಂದೇ ಉತ್ತರ. ಹಾಗಾಗಿ ಒಂದು ಬದಿ, ಎರಡು ಕೋನ ಗೊತ್ತಿದ್ದರೆ ಸಾಕು, ಕಾಲಿಡಲಾಗದ ಜಾಗದ ದೂರವೂ ಸಿಗುತ್ತದೆ. ಗುಡಿಯಿಂದ ಹೊಗೆಗೆ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಬಂತು. ಮಾವ್ರೋನಿಸಿಯ ಬಂಡೆಯ ಮೇಲೆಯೇ. ಅಧಿಕಾರಿಯ ಕೆಲಸದಲ್ಲಿ ತಪ್ಪಿರಲಿಲ್ಲ.

ಸಮಾಧಾನ ಮಾಡಿಕೊಂಡು ಹೊರಗೆ ಬಂದೆ. ಬಂದರೆ, ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಮಾವ್ರೋನಿಸಿಯ ಕುರಿಗಾಹಿ ಮನೊಲಿಸ್ ಕೂತಿದ್ದಾನೆ, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು. ಹಲ್ಲು ಕೀಳಿಸಿಕೊಳ್ಳಲು ಹಿಂದಿನ ದಿನವೇ ಬಂದಿದ್ದನಂತೆ. "ದ್ವೀಪದಲ್ಲಿ ಯಾರಿದ್ದಾರೆ?" ಅಂತ ಕೇಳಿದೆ. ಬಾಯಿ ಬಿಡಲಾಗದೆ ಎರಡು ಬೆರಳನ್ನು ತಲೆಗೆ ಕೊಂಬಿನ ಹಾಗೆ ಇಟ್ಟು ತೋರಿಸಿದ. ಕುರಿ ಬಿಟ್ಟರೆ ಯಾರೂ ಇಲ್ಲ. ಕುರಿಗಳು ಬೆಂಕಿ ಹಚ್ಚುವುದಿಲ್ಲ, ಅಣ್ಣ.

ಹಾಗಾದರೆ ಹೊಗೆ ನೋಡಿದ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದಾರೆ, ಇಲ್ಲವೇ ತಪ್ಪಾಗಿ ನೋಡಿದ್ದಾರೆ. ಅಧಿಕಾರಿಗೆ ಹೋಗಿ ಹೇಳಿದೆ. ಅವನು ಈಗ ಎದ್ದು ಕೂತ, ಆದರೆ ಕಚೇರಿಯ ದೋಣಿ ಲೆರೋಸ್ ದ್ವೀಪಕ್ಕೆ ಹೋಗಿತ್ತು, ತಂತಿ ಕೊಟ್ಟು ಕರೆಸುತ್ತೇನೆ ಅಂದ. "ಕರೆಸಿ ಎಲ್ಲಿಗೆ ಅಂತ ಕಳಿಸಲಿ ಮೇಡಂ?" ಅಂದ. ಅದನ್ನು ತಿಳಿಯಲು ಪಾದ್ರಿಗಳ ಗಾಡಿ ಬೇಡಿಕೊಂಡು ಮೊದಲು ಗುಡಿಗೆ ಹೋದೆ. ಅನೆಜೂಲಾ ಅಜ್ಜಿಯ ಮೇಲೂ ನನಗೆ ನಂಬಿಕೆ ಇರಲಿಲ್ಲ, ಅವಳ ಒಂದು ಕಣ್ಣಿಗೆ ಪೊರೆ ಬಂದಿದೆ. ಅಜ್ಜಿ ಸಿಟ್ಟಾದಳು. "ಈ ಕಿಟಕೀಲಿ ಇನ್ನೇನು ಕಾಣುತ್ತೆ ನೀನೇ ನೋಡೇ ಹುಡುಗಿ. ನಲವತ್ತು ವರ್ಷದಿಂದ ಆ ಎರಡು ತಲೆ ನೋಡ್ಕೊಂಡೇ ಪಾತ್ರೆ ತೊಳೀತಿದೀನಿ." ನಿಜ, ಆ ಸಣ್ಣ ಕಿಟಕಿಯಲ್ಲಿ ಆ ತಗ್ಗು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪೊರೆ ಬಂದ ಕಣ್ಣಿಗೂ ತಪ್ಪಲು ಜಾಗವಿಲ್ಲ. ಹಾಗಾದರೆ ಉಳಿದವನು ಒಬ್ಬನೇ.

ಥೆಮೆಲಿಸ್‌ನ ಕೊಟ್ಟಿಗೆಗೆ ಹೋದಾಗ ಆ ಮನುಷ್ಯ ತನ್ನ ದೊಡ್ಡ ದೋಣಿಗೆ ಡೀಸೆಲ್ ತುಂಬುತ್ತಿದ್ದ. ಗಾಳಿ ಹೆಚ್ಚುತ್ತಿತ್ತು, ಬೇರೆಯವರೆಲ್ಲ ದೋಣಿ ಎಳೆದು ಕಟ್ಟುತ್ತಿದ್ದರು. ಇವನು ಎಲ್ಲಿಗೆ ಹೊರಟ? ಕೇಳಿದರೆ "ಕೆಲಸ ಇದೆ" ಅಂದ, ತಲೆ ಎತ್ತದೆ. ಅಷ್ಟು ವರ್ಷದ ಮೇಲೆ ನಾವಿಬ್ಬರೂ ಆಡಿದ ಮೊದಲ ಮಾತು ಅದು. ಚಿಕ್ಕಂದಿನಲ್ಲಿ ಮಾವ ಅಂತ ಕರೆಯುತ್ತಿದ್ದವಳು, ಈಗ ಏನಂತ ಕರೆಯಬೇಕೋ ತಿಳಿಯದೆ ನೇರವಾಗಿ ಕೇಳಿದೆ: ನೀವು ಹೊಗೆ ನೋಡಿದ್ದು ಎಲ್ಲಿಂದ?

"ಇಲ್ಲಿಂದ್ಲೇ."

"ಇಲ್ಲಿಂದ ಆ ದಿಕ್ಕಿಗೆ ನೋಡಿದ್ರೆ ಬರೀ ಮಾವ್ರೋನಿಸಿ ಕಾಣುತ್ತೆ. ನೀವು ಸಮುದ್ರದಲ್ಲಿ ಹೊಗೆ ಅಂತ ಕಚೇರೀಲಿ ಹೇಳಿದ್ರಂತೆ. ಈ ಜಾಗದಲ್ಲಿ ನಿಂತವರಿಗೆ ಆ ಸಮುದ್ರ ಕಾಣೋದೇ ಇಲ್ಲ. ಯಾಕೆ ಸುಳ್ಳು ಹೇಳಿದ್ರಿ?"

ಡೀಸೆಲ್ ಡಬ್ಬಿ ಕೆಳಗಿಟ್ಟ. "ನಿನಗ್ಯಾಕೆ ಇದೆಲ್ಲ ಸೆವಾಸ್ತಿ? ಮನೆಗೆ ಹೋಗು."

"ನಮ್ಮಪ್ಪ ಬೆಳಿಗ್ಗೆ ಹೋದವರು ಬಂದಿಲ್ಲ."

ಅಣ್ಣ, ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಕಳ್ಳನನ್ನು ನೋಡುವ ಹಾಗೆ. ಗೊತ್ತಿದ್ದೂ ನಟಿಸುತ್ತಾನೆಯೇ ಅಂತ. "ಸಕೆಲ್ಲಾರಿಸಾ?" ಅಂತ ಅಪ್ಪನ ಹೆಸರು ಹಿಡಿದು ಕೇಳಿದ. ಆಮೇಲೆ ದೋಣಿಯ ಅಂಚಿನ ಮೇಲೆ ಕೂತುಬಿಟ್ಟ. ಹೇಳಿದ: "ನೋಡಿದ್ದು ನಾನಲ್ಲ. ನೋಡಿದವರು ಹಳೇ ಸುಣ್ಣದ ಗೂಡಿನ ಹತ್ರ ಇದ್ರು. ದಿಕ್ಕು ಅಳೆದದ್ದು ಸರಿ ಇದೆ, ಅದರಲ್ಲಿ ಒಂದು ಕೂದಲೂ ಸುಳ್ಳಿಲ್ಲ. ಜಾಗ ಮಾತ್ರ ನಾನು ಬದಲಾಯಿಸಿದ್ದು. ಅವರು ಅಲ್ಲಿದ್ರು ಅಂತ ಊರಿಗೆ ಗೊತ್ತಾಗಬಾರದಿತ್ತು. ಕಚೇರಿಯವನು ಗೆರೆ ಎಳೆದು ಗುಡ್ಡ ತೋರಿಸಿದಾಗ ನನಗೆ ಗೊತ್ತಾಯ್ತು ಎಡವಟ್ಟಾಯ್ತು ಅಂತ. ಅದಕ್ಕೇ ನಾನೇ ಹೊರಟೆ."

"ಯಾರು ಅವರು?"

"ಅದೊಂದು ಕೇಳಬೇಡ. ಕೊಟ್ಟ ಮಾತು."

ಆ ಗೂಡಿನ ಹತ್ತಿರ ಯಾರು ಹೋಗುತ್ತಾರೆ ಹೇಳು. ಸುಣ್ಣ ಸುಡುವುದು ನಿಂತು ಎಷ್ಟೋ ಕಾಲವಾಯಿತು. ಮೀನಿಗೆ ಸಿಡಿಮದ್ದು ಎಸೆಯುವವರು ಹೋಗುತ್ತಾರೆ, ತುರ್ಕಿ ಕಡೆಯಿಂದ ಸಿಗರೇಟು ತರುವವರು ಹೋಗುತ್ತಾರೆ. ಅಂಥವರ ಮಾತು ನಂಬಿ, ಅದನ್ನು ಬಚ್ಚಿಟ್ಟ ಈ ಮನುಷ್ಯನ ಮಾತು ನಂಬಿ, ನಾನು ಅಪ್ಪನನ್ನು ಹುಡುಕಬೇಕೇ? ಒಮ್ಮೆ ಸುಳ್ಳು ಹೇಳಿದವನು ಇನ್ನೊಮ್ಮೆ ಹೇಳುವುದಿಲ್ಲ ಅಂತ ಏನು ಖಾತ್ರಿ? ಆದರೂ ಚೀಲದಿಂದ ನಕ್ಷೆ, ಸೈನ್ ಕೋಷ್ಟಕ ತೆಗೆದೆ. ಮೀನು ಕೊಯ್ಯುವ ಹಲಗೆಯ ಮೇಲೆ ಇಟ್ಟು ಲೆಕ್ಕ ಹಾಕಿದೆ. ಗೂಡು ಅದೇ ದಡದ ಸಾಲಿನಲ್ಲಿ, ಕೊಟ್ಟಿಗೆಯಿಂದಲೂ ಆಚೆಗಿದೆ. ಕೋನಗಳು ಅವೇ, ತಳ ಮಾತ್ರ ಎರಡರ ಬದಲು ನಾಲ್ಕೂವರೆ ಕಿಲೋಮೀಟರ್. ತಳ ಬೆಳೆದಷ್ಟೂ ತ್ರಿಕೋನದ ತುದಿ ದೂರ ಓಡುತ್ತದೆ. ಗುಡಿಯಿಂದ ಹತ್ತು ಕಿಲೋಮೀಟರಿಗೂ ಮಿಕ್ಕಿ, ಮಾವ್ರೋನಿಸಿಯನ್ನು ದಾಟಿ, ತೆರೆದ ಸಮುದ್ರದ ಮಧ್ಯೆ ನನ್ನ ಪೆನ್ಸಿಲಿನ ಚುಕ್ಕಿ ಬಿತ್ತು. ಅನೆಜೂಲಾ ಅಜ್ಜಿಗೆ ಹೊಗೆ ತಗ್ಗಿನ ಮೇಲೆ ಕಂಡದ್ದೂ ಸರಿ, ಮಾವ್ರೋನಿಸಿ ಅಡ್ಡ ಬಾರದ ಗೂಡಿನ ಹತ್ತಿರ ಇದ್ದವರಿಗೆ ಬರೀ ನೀರಿನ ಮೇಲೆ ಕಂಡದ್ದೂ ಸರಿ. ಎರಡು ಮಾತೂ ಒಂದೇ ಚುಕ್ಕಿಯಲ್ಲಿ ಒಪ್ಪುತ್ತಿದ್ದವು. ಸುಳ್ಳು ಅಷ್ಟು ಚೆನ್ನಾಗಿ ಹೊಂದುವುದು ಕಷ್ಟ. ಬೇರೆ ಯಾವ ನಂಬಿಕೆಯಿಂದಲೂ ಅಲ್ಲ, ಅದೊಂದರಿಂದ ಒಪ್ಪಿದೆ.

ಥೆಮೆಲಿಸ್ ನಕ್ಷೆಯನ್ನು ಕೈಯುದ್ದ ದೂರ ಹಿಡಿದು ನೋಡಿದ, ಅವನಿಗೆ ಈಗ ಹತ್ತಿರದ್ದು ಕಾಣುವುದಿಲ್ಲ. "ನನ್ನ ಹತ್ರ ಬರೀ ಗೆರೆ ಇತ್ತು. ಗೆರೆ ಹಿಡ್ಕೊಂಡು ಹೋಗಿದ್ರೆ ಕತ್ತಲಾಗೋವರೆಗೂ ಹೋಗ್ತಾನೇ ಇರ್ತಿದ್ದೆ. ಈ ಚುಕ್ಕಿ ಮಧ್ಯಾಹ್ನದ್ದು. ಈಗ ಅಲ್ಲಿ ಇರಲ್ಲ, ಗಾಳಿ ತೆಂಕಣಕ್ಕೆ ತಳ್ಳಿರುತ್ತೆ. ಹತ್ತು, ದಾರೀಲಿ ಹೇಳ್ತೀನಿ." ಗಾಡಿ ಹೊಡೆಯುವವನ ಕೈಯಲ್ಲಿ ಅಧಿಕಾರಿಗೆ ಚೀಟಿ ಕಳಿಸಿದೆ, ಈ ಜಾಗ, ಈ ದೋಣಿ, ಈ ಮನುಷ್ಯನ ಜೊತೆ ಹೋಗುತ್ತಿದ್ದೇನೆ ಅಂತ. ಆ ಕೊನೆಯ ಮಾತನ್ನು ಯಾಕೆ ಬರೆದೆ ಅಂತ ನಿನಗೆ ಅರ್ಥವಾಗುತ್ತದೆ.

ನಮ್ಮ ತಮ್ಮ ಯಾರ ಹಡಗಿನಿಂದ ಇಳಿದು ಸತ್ತನೋ ಆ ಮನುಷ್ಯನ ದೋಣಿಯಲ್ಲಿ, ಅವನ ಬೆನ್ನು ನೋಡುತ್ತಾ ಕೂತೆ. ಮಡಿಲಲ್ಲಿ ನಕ್ಷೆ, ಕೈಯಲ್ಲಿ ದಿಕ್ಸೂಚಿ. ಮಾವ್ರೋನಿಸಿ ದಾಟಿದ ಮೇಲೆ ಅವನು ನನ್ನ ಚುಕ್ಕಿಯ ಕಡೆಗೆ ಹೋಗದೆ ತೆಂಕಣಕ್ಕೆ ತಿರುಗಿಸಿದ. ನಾನು ಎದ್ದು ನಿಂತೆ. "ಎಲ್ಲಿಗೆ ತಿರುಗಿಸ್ತಿದ್ದೀರಿ?" "ಹೇಳಿದ್ನಲ್ಲ, ಗಾಳಿ." "ಇಷ್ಟು ದೂರಾನಾ?" "ಟೀಚರಮ್ಮ, ಚುಕ್ಕಿ ನೀನು ಇಟ್ಟೆ, ನಾನು ಎದುರಾಡಿದ್ನಾ? ಗಾಳಿ ನನಗೆ ಬಿಡು." ಕೂತೆ. ಆದರೆ ದಿಕ್ಸೂಚಿಯಿಂದ ಕಣ್ಣು ತೆಗೆಯಲಿಲ್ಲ. ಅವನಿಗೂ ಅದು ಗೊತ್ತಿತ್ತು. ಮುಂದೆ ನೋಡುತ್ತಲೇ, "ಪಂತೆಲಿಸ್ ಕೂಡ ಹೀಗೇ, ಹೇಳಿದ್ದು ಒಂದೂ ಕೇಳ್ತಿರಲಿಲ್ಲ" ಅಂದ. ಅಲೆ ಎದ್ದಾಗಲೆಲ್ಲ ಅವನ ಭುಜ ಒಂದು ಕಡೆಗೆ ವಾಲುತ್ತಿತ್ತು. ಮುದುಕನಾಗಿದ್ದಾನೆ ಅಣ್ಣ, ನಾವು ಕೋಪದಲ್ಲಿ ಅದನ್ನು ನೋಡಿಯೇ ಇರಲಿಲ್ಲ.

ಸೂರ್ಯ ನೀರು ಮುಟ್ಟುವ ಹೊತ್ತಿಗೆ ಅಪ್ಪ ಸಿಕ್ಕರು. ಮೊದಲು ನೋಡಿದ್ದು ಅವನೇ. ಎಂಜಿನ್ ಕೆಟ್ಟು, ಒಂದು ಹುಟ್ಟು ಮುರಿದು, ಅಪ್ಪ ದೋಣಿಯ ತಳದಲ್ಲಿ ಒದ್ದೆಯಾಗಿ ಮುದುಡಿ ಕೂತಿದ್ದರು, ತುಟಿ ನೀಲಿ. ಮಧ್ಯಾಹ್ನ ಡಬ್ಬಿಯೊಳಗೆ ಡೀಸೆಲ್ ಸುರಿದು ನೀನು ಕಳಿಸಿದ ಮಳೆಕೋಟು ಸುಟ್ಟಿದ್ದರಂತೆ. "ನಿಮ್ಮಣ್ಣನಿಗೆ ಬರಿ, ಕೋಟು ಮಳೆಗೆ ಏನೂ ಪ್ರಯೋಜನ ಇಲ್ಲ, ಆದ್ರೆ ಚೆನ್ನಾಗಿ ಉರಿಯುತ್ತೆ" ಅಂತ ಈಗ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾರೆ. ಆವತ್ತು ಮಾತ್ರ ನಗುವ ಹಾಗಿರಲಿಲ್ಲ. ನಾನು ಕೂಗಿದೆ, ಅಪ್ಪ ತಲೆ ಎತ್ತಿದರು, ಚುಕ್ಕಾಣಿ ಹಿಡಿದವನನ್ನು ನೋಡಿದರು, ಮುಖ ತಿರುಗಿಸಿಕೊಂಡರು. "ನಾನು ಆ ದೋಣಿ ಹತ್ತಲ್ಲ" ಅಂದರು. ಹಲ್ಲು ಕಟಕಟ ಅನ್ನುತ್ತಿದೆ, ಆದರೂ. ನಾನು ಬೇಡಿಕೊಂಡೆ, ಅತ್ತೆ, ಬೈದೆ. ಥೆಮೆಲಿಸ್ ತನ್ನ ಉಣ್ಣೆಯ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ನೀನು ಆ ದೋಣಿಗೆ ಇಳಿ, ಇದನ್ನ ಹೊದಿಸು, ನಿನ್ನದು ಅಂತ ಹೇಳು" ಅಂತ ಮೆಲ್ಲಗೆ ಹೇಳಿ, ಹಗ್ಗ ಎಸೆದ. ಅಪ್ಪ ಹಗ್ಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಗಂಟು ಹಾಕಿದರು. ಮುಂದೆ ಅವನು ಎಳೆಯುತ್ತಾ, ಹಿಂದೆ ನಾವು ಎಳೆಸಿಕೊಳ್ಳುತ್ತಾ ಬಂದೆವು. ದಾರಿಯುದ್ದಕ್ಕೂ ಅಪ್ಪ ಅವನಿಗೆ ಬೆನ್ನು ಮಾಡಿಯೇ ಕೂತಿದ್ದರು. ಉಣ್ಣೆಯ ಅಂಗಿ ಯಾರದು ಅಂತ ಅವರು ಕೇಳಲಿಲ್ಲ. ನನ್ನ ಮೈಗೆ ಅದು ಎರಡು ಪಟ್ಟು ದೊಡ್ಡದು, ಗೊತ್ತಾಗದೆ ಇರುತ್ತದೆಯೇ?

ಕಟ್ಟೆಯ ಮೇಲೆ ಅರ್ಧ ಊರು ನಿಂತಿತ್ತು. ಅಮ್ಮನಿಗಿಂತ ಹೆಚ್ಚು ಅತ್ತವಳು ಫೊತಿನಿ. ಅಜ್ಜನ ಕಾಲು ಹಿಡಿದುಕೊಂಡು ಬಿಡಲಿಲ್ಲ. ಅಪ್ಪ ದಡ ಹತ್ತಿ, ಹಗ್ಗ ಬಿಚ್ಚಿ, ಸುತ್ತಿ, ನನ್ನ ಕೈಗೆ ಕೊಟ್ಟು ಎಲ್ಲರಿಗೂ ಕೇಳುವ ಹಾಗೆ ಅಂದರು: "ಕೇಳು ಅವನನ್ನ, ಹಗ್ಗ ಈಗಲೇ ಬೇಕೋ, ನಾಳೆ ತಂದುಕೊಟ್ರೆ ನಡೆಯುತ್ತೋ ಅಂತ." ಥೆಮೆಲಿಸ್ ಎರಡು ಮಾರು ದೂರದಲ್ಲಿ ನಿಂತಿದ್ದ. "ನಾಳೆ ಆದ್ರೂ ನಡೆಯುತ್ತೆ ಅಂತ ಹೇಳು" ಅಂದ. ಮಾರನೆಯ ದಿನ ಅಪ್ಪ ಹಗ್ಗ, ಅಂಗಿ ಎರಡನ್ನೂ ಹಿಡಿದು ಒಬ್ಬರೇ ಹೋದರು. ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ. ಸಂಜೆಯಾದ ಮೇಲೆ ಬಂದರು, ಕಣ್ಣು ಕೆಂಪಗಿತ್ತು, ಬಾಯಲ್ಲಿ ಸಾರಾಯಿ ವಾಸನೆ. ಉಪವಾಸದಲ್ಲಿ ಕುಡಿದಿರಾ ಅಂತ ಅಮ್ಮ ಜಗಳ ತೆಗೆದರು, ನಾನು ತಡೆದೆ.

ನನ್ನ ಶಾಲೆಯ ಹುಡುಗರು ಈಗ ಈ ಲೆಕ್ಕವನ್ನು ಕಲಿಯಲು ತಕರಾರು ಮಾಡುತ್ತಿಲ್ಲ. ಎಷ್ಟು ದಿನವೋ ನೋಡೋಣ. ಅಪ್ಪನ ಎದೆಯನ್ನು ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಅಂದರು. ನನಗೆ ಪೂರ್ತಿ ನಂಬಿಕೆಯಿಲ್ಲ, ಸೋಮವಾರ ಇನ್ನೊಬ್ಬರಿಗೆ ತೋರಿಸುತ್ತೇನೆ. ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳ ಹಣೆಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು. ಅಪ್ಪ ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾರೆ ಅಂತ ತಿಳಿದುಕೋ. ಪ್ರವಾದಿ ಎಲಿಯಾಸ ನಿನ್ನ ಬೆನ್ನನ್ನು ಕಾಯಲಿ.

ನಿನ್ನ ತಂಗಿ,
ಸೆವಾಸ್ತಿ

ಮತ್ತೆ: ಟಪಾಲು ಹಡಗು ಕೂಗುತ್ತಿದೆ, ಲಕೋಟೆ ಅಂಟಿಸುವ ಮುಂಚೆ ಇದೊಂದು. ಬೇಡ ಅತ್ತೆ ಅಂತ ಅವಳು ನಿನ್ನೆಯವರೆಗೂ ಕೈ ಮುಗಿಯುತ್ತಿದ್ದಳು, ಈಗ ಪಕ್ಕದಲ್ಲಿ ನಿಂತು ತಾನೇ ಬರಿ ಅನ್ನುತ್ತಿದ್ದಾಳೆ. ಸುಣ್ಣದ ಗೂಡಿನಿಂದ ಹೊಗೆ ನೋಡಿದ್ದು ನಿನ್ನ ಫೊತಿನಿ. ಅವಳ ಜೊತೆಗಿದ್ದದ್ದು ಥೆಮೆಲಿಸ್‌ನ ಮಗ ಯಾಕೂಮಿಸ್. ದಿಕ್ಕು ಅಳೆದವನು ಅವನು. ನಮ್ಮ ಮರ್ಯಾದೆ ಹೋದರೂ ಸರಿ ಯಾರಿಗಾದರೂ ಹೇಳಲೇಬೇಕು ಅಂತ ಅವನನ್ನು ಅವನಪ್ಪನ ಹತ್ತಿರ ಎಳೆದುಕೊಂಡು ಹೋದವಳು ಇವಳು. ಆ ದೋಣಿಯಲ್ಲಿರುವುದು ಅಜ್ಜ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಅವರು ಇರಬಾರದ ಜಾಗದಲ್ಲಿ ಇಲ್ಲದೆ ಹೋಗಿದ್ದರೆ ಇವತ್ತು ನಾನು ನಿನಗೆ ಕಪ್ಪು ಅಂಚಿನ ಕಾಗದ ಬರೆಯುತ್ತಿದ್ದೆ. ಹುಡುಗ ಮದುವೆ ಕೇಳುತ್ತಿದ್ದಾನೆ. ಅಪ್ಪನಿಗೆ ಹೇಳಿದೆವು, ಮನೆ ಬಿದ್ದುಹೋಗುತ್ತದೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು, "ಅವನು ಸ್ಪಂಜಿಗೆ ಇಳೀತಾನಾ?" ಇಲ್ಲ, ದೋಣಿ ಎಂಜಿನ್ ರಿಪೇರಿ ಮಾಡುತ್ತಾನೆ ಅಂದೆ. "ಹಾಗಾದ್ರೆ ಅವಳಪ್ಪನಿಗೆ ಬರಿ" ಅಂದರು. ಬರೆದಿದ್ದೇನೆ. ನೀನು ಆಗುವುದಿಲ್ಲ ಅನ್ನುತ್ತೀಯ ಅಂತ ನನಗೆ ಬಲವಾದ ಅನುಮಾನ, ಪಂತೆಲಿಸ್‌ನನ್ನು ನೀನೇ ಬೆನ್ನ ಮೇಲೆ ಹೊತ್ತು ಬೆಳೆಸಿದವನು. ಈಸ್ಟರ್‌ಗೆ ಮುಂಚೆ ತಂತಿ ಕಳಿಸು ಅಣ್ಣ. ಹುಡುಗಿ ಊಟ ಬಿಟ್ಟಿದ್ದಾಳೆ, ಉಪವಾಸಕ್ಕಲ್ಲ.